ಕಾಸಿಗೆ ತಕ್ಕ ಕಜ್ಜಾಯವೇ? ಮಿಕ್ಸಿಯಿಂದ ಗೀಸರ್‌ವರೆಗೆ, ದುಬಾರಿಯದೋ ಅಗ್ಗದ್ದೋ

ಅಂಗಡಿಯ ಕಪಾಟಿನಲ್ಲಿ ಎರಡು ಮಿಕ್ಸಿಗಳು ಅಕ್ಕಪಕ್ಕ ಕೂತಿವೆ. ಒಂದಕ್ಕೆ 1,800 ರೂಪಾಯಿ, ಇನ್ನೊಂದಕ್ಕೆ 5,500. ಎರಡರ ಮೇಲೂ 750 ವ್ಯಾಟ್ ಎಂದೇ ಬರೆದಿದೆ, ಎರಡಕ್ಕೂ ಮೂರು ಮೂರು ಜಾರ್. ಕೊಳ್ಳಲು ಬಂದವರು ಒಂದನ್ನು ನೋಡಿ ಇನ್ನೊಂದನ್ನು ನೋಡಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: ‘ಇಷ್ಟು ವ್ಯತ್ಯಾಸ ಯಾಕೆ?’ ಅಂಗಡಿಯವರು ‘ಕಾಸಿಗೆ ತಕ್ಕ ಕಜ್ಜಾಯ’ ಎನ್ನುತ್ತಾರೆ. ಆ ಗಾದೆಯನ್ನು ನಂಬಿ ಮನೆಗೆ ಬೇಡದ ದುಬಾರಿ ವಸ್ತು ತಂದವರನ್ನೂ ನೋಡಿದ್ದೇನೆ. ನಂಬದೆ ವರ್ಷಕ್ಕೊಂದು ಅಗ್ಗದ ಯಂತ್ರ ತಂದು, ಒಟ್ಟು ಲೆಕ್ಕದಲ್ಲಿ ದುಬಾರಿಯದಕ್ಕಿಂತ ಹೆಚ್ಚು ಕಳೆದುಕೊಂಡವರನ್ನೂ ನೋಡಿದ್ದೇನೆ.

ನಾನು ಬೆಲೆಚೀಟಿಯನ್ನು ಮೊದಲು ನೋಡುವುದಿಲ್ಲ. ಯಂತ್ರದ ಬೆಲೆ, ಅದರ ಆಯುಷ್ಯದಲ್ಲಿ ರಿಪೇರಿಗೆ ಹೋಗುವ ಹಣ, ಅದು ತಿನ್ನುವ ಕರೆಂಟು, ಈ ಮೂರನ್ನೂ ಕೂಡಿಸಿ ಅದು ಬಾಳುವ ವರ್ಷಗಳಿಂದ ಭಾಗಿಸುತ್ತೇನೆ. ಸಿಗುವುದು ವರ್ಷದ ಖರ್ಚು. ಆಮೇಲೆ ಇನ್ನೊಂದು ಮಾತು ಕೇಳಿಕೊಳ್ಳುತ್ತೇನೆ: ಹೆಚ್ಚಿಗೆ ಕೇಳುತ್ತಿರುವ ಹಣ ಯಂತ್ರದ ಯಾವ ಭಾಗಕ್ಕೆ ಹೋಗಿದೆ? ಮೋಟಾರಿಗೋ, ಟ್ಯಾಂಕಿಗೋ, ಕಂಪ್ರೆಸರಿಗೋ ಹೋಗಿದ್ದರೆ ಆ ಹಣಕ್ಕೆ ಅರ್ಥವಿದೆ. ಬಾಗಿಲಿನ ಬಣ್ಣಕ್ಕೆ, ಮುಟ್ಟಿದರೆ ಬೆಳಗುವ ಗುಂಡಿಗಳಿಗೆ, ಮೊಬೈಲಿನಿಂದ ನಡೆಸುವ ಸೌಲಭ್ಯಕ್ಕೆ ಹೋಗಿದ್ದರೆ ನಾಳೆ ಕೆಡುವ ಭಾಗಗಳು ಹೆಚ್ಚಾದವು, ಅಷ್ಟೇ.

ಮುಂದಿನ ಲೆಕ್ಕಗಳಲ್ಲಿ ಕರೆಂಟಿಗೆ ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದಿದ್ದೇನೆ. ಯಂತ್ರಗಳ ಬೆಲೆಗಳು ಅಂದಾಜಿನವು. ನಿಮ್ಮ ಊರಿನ ಬೆಲೆ ಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡಿಕೊಳ್ಳಿ.

ಮಿಕ್ಸಿ ಮತ್ತು ರುಬ್ಬುವ ಯಂತ್ರ

ಮಿಕ್ಸಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಅಡುಗೆಮನೆಯಷ್ಟು ಮಿಕ್ಸಿಯನ್ನು ದುಡಿಸುವ ಅಡುಗೆಮನೆಗಳು ಕಡಿಮೆ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿಗೆ ಮಸಾಲೆ, ತಿಂಗಳಿಗೊಮ್ಮೆ ಸಾರಿನ ಪುಡಿ, ದೋಸೆಗೆ ನೆನೆಸಿದ ಅಕ್ಕಿ. ಈ ಕೆಲಸಕ್ಕೆ ಹಾಲಿನ ಶೇಕ್ ಮಾಡಲು ಹುಟ್ಟಿದ ಯಂತ್ರ ತಾಳುವುದಿಲ್ಲ. ಸುಮೀತ್ ಮಿಕ್ಸಿಯ ಹುಟ್ಟಿನ ಕಥೆಯೇ ಇದಕ್ಕೆ ಸಾಕ್ಷಿ. 1963ರಲ್ಲಿ ಎಂಜಿನಿಯರ್ ಎಸ್.ಪಿ. ಮಾಥೂರ್ ಅವರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ನಮ್ಮ ಅಡುಗೆಯ ಕೆಲಸ ತಾಳದೆ ಸುಟ್ಟುಹೋಯಿತು. ಅವರು ಬಲವಾದ ಮೋಟಾರು ಹಾಕಿ ಹೊಸದನ್ನೇ ಕಟ್ಟಿದರು. ಜರ್ಮನಿಯ ಯಂತ್ರ ಕೀಳು ದರ್ಜೆಯದಾಗಿರಲಿಲ್ಲ, ಬೇರೆ ಅಡುಗೆಮನೆಗಾಗಿ ಮಾಡಿದ್ದಾಗಿತ್ತು. ಇಂದೂ ಹೊರದೇಶದಿಂದ ಬಂದ ದುಬಾರಿ ಬ್ಲೆಂಡರ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಮಿಕ್ಸಿ ತಿನ್ನುವ ಕರೆಂಟು ಅತ್ಯಲ್ಪ. 750 ವ್ಯಾಟಿನ ಮಿಕ್ಸಿ ದಿನಕ್ಕೆ 15 ನಿಮಿಷ ಓಡಿದರೆ ತಿಂಗಳಿಗೆ ಆರು ಯೂನಿಟ್‌ಗೂ ಕಡಿಮೆ, ಎಂದರೆ ಸುಮಾರು 40 ರೂಪಾಯಿ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಇದರಲ್ಲಿ ಭೇದವಿಲ್ಲ. ಭೇದವಿರುವುದು ಒಳಗಿನ ವೈಂಡಿಂಗ್‌ನಲ್ಲಿ. ತಾಮ್ರದ ತಂತಿ ಸುತ್ತಿದ ಮೋಟಾರು ಕಾವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಸುಟ್ಟರೂ ರಿವೈಂಡಿಂಗ್ ಮಾಡಿಸಬಹುದು. ಅಲ್ಯೂಮಿನಿಯಂ ತಂತಿಯದಾದರೆ ಬೇಗ ಕಾಯುತ್ತದೆ, ರಿಪೇರಿಯವರು ಅದನ್ನು ಕೈಗೆತ್ತಿಕೊಳ್ಳಲೂ ಹಿಂಜರಿಯುತ್ತಾರೆ. ಆಮೇಲೆ ಜಾರಿನ ತಳದ ಬುಷ್, ಎಂದರೆ ಬ್ಲೇಡಿನ ದಂಡು ತಿರುಗುವ ಬಳೆ: ಹಿತ್ತಾಳೆ ಅಥವಾ ಕಂಚಿನದು ವರ್ಷಗಟ್ಟಲೆ ನಿಲ್ಲುತ್ತದೆ, ಪ್ಲಾಸ್ಟಿಕ್ಕಿನದು ಸವೆದು ತಳದಿಂದ ಚಟ್ನಿಯ ನೀರು ಮೋಟಾರಿನ ಮೇಲೆ ಸುರಿಯುತ್ತದೆ. ಹಲವು ಮಿಕ್ಸಿಗಳು ಸಾಯುವುದು ಹೀಗೇ, ಮೇಲಿನಿಂದ ಇಳಿದ ನೀರಿನಿಂದ.

ಅಂಗಡಿಯಲ್ಲಿ ಇವನ್ನು ತಿಳಿಯುವುದು ಹೇಗೆ? ಎತ್ತಿ ನೋಡಿ. ತಾಮ್ರ ತುಂಬಿದ ಮಿಕ್ಸಿಗೆ ಭಾರವಿರುತ್ತದೆ. ತಲೆಕೆಳಗು ಮಾಡಿ ತಳದ ಫಲಕ ಓದಿ. 30 ನಿಮಿಷದ ರೇಟಿಂಗ್, ಐದು ನಿಮಿಷ ಓಟ, ಎರಡು ನಿಮಿಷ ವಿಶ್ರಾಂತಿ ಎಂಬಂಥ ಬರಹ ಅಲ್ಲಿರುತ್ತದೆ. ಅದೇ ಜಾಗದಲ್ಲಿ ಓವರ್‌ಲೋಡ್ ಆದಾಗ ಹೊರಬರುವ ಚಿಕ್ಕ ಕೆಂಪು ಗುಂಡಿ ಇರಬೇಕು. ವ್ಯಾಟ್ ಎಂಬುದು ಯಂತ್ರ ಎಷ್ಟು ಕರೆಂಟು ಎಳೆಯುತ್ತದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ಚೆನ್ನಾಗಿದೆ ಎಂದು ಹೇಳುವುದಿಲ್ಲ. ಇಬ್ಬರೇ ಇರುವ, ಚಟ್ನಿ ಸಾಂಬಾರಿಗಷ್ಟೇ ಬಳಸುವ ಮನೆಗೆ 500 ವ್ಯಾಟಿನ ಒಳ್ಳೆಯ ಮಿಕ್ಸಿ ಸಾಕು.

ಈಗ ಲೆಕ್ಕ. 1,800 ರೂಪಾಯಿಯದು ದಿನನಿತ್ಯದ ದುಡಿತಕ್ಕೆ ಎರಡು ವರ್ಷ ಬಾಳಿತೆನ್ನೋಣ, ವರ್ಷಕ್ಕೆ 900 ಆಯಿತು. 5,500ರದು ನಡುವೆ 700 ರೂಪಾಯಿಯ ಬುಷ್, ಬ್ರಷ್ ಖರ್ಚಿನೊಂದಿಗೆ ಎಂಟು ವರ್ಷ ಬಾಳಿದರೆ ವರ್ಷಕ್ಕೆ 775. ದುಬಾರಿಯದು ಗೆದ್ದಿತು, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ಅದೇ 1,800ರ ಮಿಕ್ಸಿಯನ್ನು ವಾರಕ್ಕೆರಡು ಬಾರಿ ಬಳಸುವ ಒಂಟಿ ಕೋಣೆಯ ವಿದ್ಯಾರ್ಥಿ ಆರು ವರ್ಷ ಬಾಳಿಸಿದರೆ ವರ್ಷಕ್ಕೆ 300 ಮಾತ್ರ. ಅವನಿಗೆ ಅಗ್ಗದ್ದೇ ಸರಿ. ಹನ್ನೆರಡು ಸಾವಿರದ ಮಿಕ್ಸಿಯಾದರೋ, ಒಂದು ರೂಪಾಯಿಯ ರಿಪೇರಿಯೂ ಇಲ್ಲದೆ ಹದಿನಾರು ವರ್ಷ ಬಾಳಿದರಷ್ಟೇ 5,500ರದರ ಸಮಕ್ಕೆ ಬರುತ್ತದೆ. ದಿನವೂ ಅರೆಯುವ ಕುಟುಂಬಕ್ಕೆ ನನ್ನ ಆಯ್ಕೆ ನಡುವಿನದು: ನಾಲ್ಕರಿಂದ ಆರು ಸಾವಿರದೊಳಗಿನ, ತಾಮ್ರದ ಮೋಟಾರಿನ, ಊರಿನಲ್ಲಿ ಜಾರು ಸಿಗುವ ಮಿಕ್ಸಿ.

ದೋಸೆ ಇಡ್ಲಿ ವಾರಕ್ಕೆ ಮೂರು ದಿನ ಇರುವ ಮನೆಯಾದರೆ ಮಿಕ್ಸಿಯ ಮೇಲೆ ಹೆಚ್ಚು ಹಾಕುವ ಬದಲು ಆ ಹಣವನ್ನು ಗ್ರೈಂಡರಿಗೆ ಹಾಕಿ. ಮಿಕ್ಸಿಯ ಮೋಟಾರು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ, ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆಸುತ್ತದೆ. ಗ್ರೈಂಡರಿನದು ಬ್ರಷ್ಷೇ ಇಲ್ಲದ ಇಂಡಕ್ಷನ್ ಮೋಟಾರು, ಕಲ್ಲು ನಿಧಾನವಾಗಿ ತಿರುಗುತ್ತದೆ, ಉದ್ದು ತಣ್ಣಗೇ ಉಬ್ಬುತ್ತದೆ. ಭೌಗೋಳಿಕ ಸೂಚಕ ಪಡೆದಿರುವ ಕೊಯಮತ್ತೂರಿನ ಗ್ರೈಂಡರುಗಳಲ್ಲಿ ಎರಡು ಲೀಟರಿನ ಮೇಜಿನ ಮೇಲಿನ ಮಾದರಿ ದುಬಾರಿ ಮಿಕ್ಸಿಯ ಬೆಲೆಗೇ ಸಿಗುತ್ತದೆ. ಬೆಲ್ಟ್ ಹಳತಾದರೆ ಬದಲಾಯಿಸಬೇಕು, ಕಲ್ಲು ನುಣುಪಾದರೆ ಕುಟ್ಟಿಸಬೇಕು. ನನ್ನ ತಾಯಿಯ ಗ್ರೈಂಡರಿಗೆ ಇಪ್ಪತ್ತು ವರ್ಷ ದಾಟಿದೆ. ನಮ್ಮ ಮನೆಗೆ ಬಂದ ಯಂತ್ರಗಳಲ್ಲಿ ವರ್ಷದ ಲೆಕ್ಕದಲ್ಲಿ ಅತಿ ಅಗ್ಗವಾದದ್ದು ಅದೇ, ಕೊಂಡ ದಿನ ಅದು ದುಬಾರಿ ಎನಿಸಿದ್ದರೂ.

ಫ್ಯಾನ್, ಮತ್ತು 200 ಯೂನಿಟ್‌ನ ಗೆರೆ

ಹೆಚ್ಚು ಹಣ ಕೊಟ್ಟದ್ದು ಲೆಕ್ಕದಲ್ಲಿ ಸ್ಪಷ್ಟವಾಗಿ ಮರಳಿ ಬರುವುದು ಫ್ಯಾನಿನಲ್ಲಿ. ಸಾಮಾನ್ಯ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನದು ಸುಮಾರು 30 ವ್ಯಾಟ್. ಓಡುವಷ್ಟು ಹೊತ್ತೂ 45 ವ್ಯಾಟ್ ಉಳಿತಾಯ. ರಾಯಚೂರಿನಲ್ಲೋ ಮಂಗಳೂರಿನಲ್ಲೋ ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡುವ ಫ್ಯಾನಿಗೆ ಇದು 162 ಯೂನಿಟ್, ಸುಮಾರು 1,130 ರೂಪಾಯಿ. ಎರಡರ ಬೆಲೆಯ ಅಂತರ 1,500 ಎಂದರೆ ಒಂದೂವರೆ ವರ್ಷದೊಳಗೆ ಹಣ ಬಂದಿತು. ಬೆಂಗಳೂರಿನ ತಂಪು ಬಡಾವಣೆಯಲ್ಲಿ ದಿನಕ್ಕೆ ಆರು ಗಂಟೆ, 200 ದಿನ ಓಡಿದರೆ ವರ್ಷಕ್ಕೆ 54 ಯೂನಿಟ್ ಉಳಿದು, ಅದೇ 1,500 ಮರಳಲು ನಾಲ್ಕು ವರ್ಷ ಬೇಕು. ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಗೆ ಸಾಮಾನ್ಯ ಫ್ಯಾನೇ ಸಾಕು. ಒಂದೇ ಮನೆಯಲ್ಲಿ ಎಲ್ಲ ಫ್ಯಾನೂ ಒಂದೇ ಬಗೆಯದಾಗಿರಬೇಕಿಲ್ಲ: ಮಲಗುವ ಕೋಣೆಗೂ ಹಾಲಿಗೂ ಬಿಎಲ್‌ಡಿಸಿ, ಉಳಿದೆಡೆ ಅಗ್ಗದ್ದು.

2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಲೇಬಲ್ಲಿನಲ್ಲಿ ನಕ್ಷತ್ರದ ಜೊತೆಗೆ ಗಾಳಿಯ ಪ್ರಮಾಣವನ್ನೂ ನೋಡಿ. ಕಡಿಮೆ ವ್ಯಾಟ್ ತಿಂದು ಗಾಳಿಯನ್ನೇ ಕೊಡದ ಫ್ಯಾನಿನಿಂದ ಪ್ರಯೋಜನವಿಲ್ಲ. ಕರೆಂಟು ಹೋಗುವ ಊರಿನವರಿಗೆ ಇನ್ನೊಂದು ಲಾಭವಿದೆ: ಅದೇ ಯುಪಿಎಸ್ ಬ್ಯಾಟರಿಯಲ್ಲಿ ಬಿಎಲ್‌ಡಿಸಿ ಫ್ಯಾನ್ ಎರಡರಷ್ಟಕ್ಕೂ ಹೆಚ್ಚು ಹೊತ್ತು ತಿರುಗುತ್ತದೆ. ತೊಂದರೆಯೂ ಇದೆ. ಹಳೆಯ ಫ್ಯಾನ್ ನಿಧಾನವಾದರೆ ಸಾಮಾನ್ಯವಾಗಿ ಕೆಪಾಸಿಟರ್ ಬದಲಾಯಿಸಿದರೆ ಮುಗಿಯಿತು. ಬಿಎಲ್‌ಡಿಸಿಯಲ್ಲಿ ‘ಬೋರ್ಡ್ ಹೋಗಿದೆ’, ಎಂದರೆ ಒಳಗಿನ ಎಲೆಕ್ಟ್ರಾನಿಕ್ ಫಲಕ ಕೆಟ್ಟಿದೆ ಎಂಬ ಮಾತು ಕೇಳಬೇಕಾಗುತ್ತದೆ. ಸಿಡಿಲು ಹೆಚ್ಚಿರುವ ಮಲೆನಾಡಿನಲ್ಲಿ ವಾರಂಟಿ ಎಷ್ಟು ವರ್ಷ, ಬೋರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳದೆ ಕೊಳ್ಳಬೇಡಿ.

ನಮ್ಮ ರಾಜ್ಯದಲ್ಲಿ ಕರೆಂಟಿನ ಲೆಕ್ಕಕ್ಕೆ 2023ರಿಂದ ಇನ್ನೊಂದು ಮುಖವಿದೆ, ಗೃಹಜ್ಯೋತಿ. 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದವರಿಗೆ 10 ಯೂನಿಟ್) ಸೇರಿಸಿದಷ್ಟು ಉಚಿತ, ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಹಣ, 200 ದಾಟಿದರೆ ಇಡೀ ಬಿಲ್ ನಿಮ್ಮದು. ಬೇರೆಡೆಯವರು ಬರೆದ ಉಳಿತಾಯದ ಕೋಷ್ಟಕಗಳು ಇದರ ಮುಂದೆ ಕೆಲಸಕ್ಕೆ ಬರುವುದಿಲ್ಲ. ತಿಂಗಳಿಗೆ 60 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ದುಬಾರಿ ಫ್ಯಾನಿನಿಂದ ರೂಪಾಯಿಯಲ್ಲಿ ಏನೂ ಉಳಿಯುವುದಿಲ್ಲ. ಅಂಥವರು ಸಾಲ ಮಾಡಿ ಐದು ನಕ್ಷತ್ರದ ಹಿಂದೆ ಹೋಗಬೇಕಾಗಿಲ್ಲ. ಆದರೆ ಬೇಸಿಗೆಯಲ್ಲಿ 195, 205 ಎಂದು ಗೆರೆಯ ಆಚೀಚೆ ಓಲಾಡುವ ಮನೆಯಿದ್ದರೆ, ಹತ್ತು ಯೂನಿಟ್‌ನ ಉಳಿತಾಯಕ್ಕೆ ಎಪ್ಪತ್ತು ರೂಪಾಯಿಯಲ್ಲ, ಆ ತಿಂಗಳ ಪೂರ್ತಿ ಬಿಲ್‌ನ ಬೆಲೆ ಇದೆ, ಸಾವಿರದ ನಾನೂರಕ್ಕೂ ಮೇಲೆ. ಎರಡು ಬಿಎಲ್‌ಡಿಸಿ ಫ್ಯಾನ್ ತಿಂಗಳಿಗೆ ಮೂವತ್ತು ಯೂನಿಟ್ ಇಳಿಸಬಲ್ಲವು. ಕಳೆದ ಹನ್ನೆರಡು ಬಿಲ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿ. ನಿಮ್ಮ ಮನೆ ಯಾವ ಗುಂಪಿನದು ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಫ್ರಿಜ್

ಮನೆಯಲ್ಲಿ ಹಗಲೂ ರಾತ್ರಿಯೂ ದುಡಿಯುವ ಯಂತ್ರ ಇದೊಂದೇ, ಆದ್ದರಿಂದ ಐದು ನಕ್ಷತ್ರದ್ದನ್ನೇ ಕೊಳ್ಳಬೇಕು ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಲೇಬಲ್ ಓದಿ ನೋಡಿದರೆ ವಿಷಯ ಅಷ್ಟು ಸರಳವಿಲ್ಲ. ಇಂಧನ ದಕ್ಷತಾ ಬ್ಯೂರೋದ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಸಂಖ್ಯೆ ದೊಡ್ಡದಾಗಿ ಇರುತ್ತದೆ. ಒಂಟಿ ಬಾಗಿಲಿನ ಎರಡು ಫ್ರಿಜ್‌ಗಳಲ್ಲಿ ಒಂದರ ಮೇಲೆ 180, ಇನ್ನೊಂದರ ಮೇಲೆ 120 ಎಂದು ಇದ್ದರೆ ಅಂತರ 60 ಯೂನಿಟ್, ವರ್ಷಕ್ಕೆ 420 ರೂಪಾಯಿ. ಬೆಲೆಯಲ್ಲಿ ಐದು ಸಾವಿರದ ಅಂತರವಿದ್ದರೆ ಅದು ಮರಳಲು ಹನ್ನೆರಡು ವರ್ಷ ಬೇಕು. ಅಂತರ ಎರಡು ಸಾವಿರವಾದರೆ ಐದು ವರ್ಷದೊಳಗೆ ಬರುತ್ತದೆ, ಕೊಳ್ಳಿ. ನಕ್ಷತ್ರ ಎಣಿಸುವುದಕ್ಕಿಂತ ಈ ಸಂಖ್ಯೆಯನ್ನು ಕಳೆದು ನೋಡುವುದು ಮೇಲು. ಮಾನದಂಡ ಬಿಗಿಯಾದಾಗಲೆಲ್ಲ ಅದೇ ಫ್ರಿಜ್ಜಿನ ನಕ್ಷತ್ರ ಕಡಿಮೆಯಾಗುತ್ತದೆ, ಯೂನಿಟ್ ಮಾತ್ರ ಬದಲಾಗುವುದಿಲ್ಲ. ಲೇಬಲ್ಲಿನ ಮೇಲೆ ಅವಧಿಯನ್ನೂ ಮುದ್ರಿಸಿರುತ್ತಾರೆ, ಹಳೆಯ ಅವಧಿಯ ಐದಕ್ಕೂ ಹೊಸ ಅವಧಿಯ ಐದಕ್ಕೂ ಹೋಲಿಕೆಯಿಲ್ಲ.

ಫ್ರಿಜ್ಜಿನಲ್ಲಿ ಹಣ ನಿಜವಾಗಿ ಪೋಲಾಗುವುದು ಗಾತ್ರದಲ್ಲಿ. ದಿನವೂ ಸೊಪ್ಪು ತರಕಾರಿ ತರುವ ಮೂವರ ಮನೆಗೆ ನಾನೂರು ಲೀಟರಿನ ಎರಡು ಬಾಗಿಲಿನ ಫ್ರಿಜ್ ಬೇಕಿಲ್ಲ. ಅದರ ಅರ್ಧ ಜಾಗದಲ್ಲಿ ಮೊನ್ನೆಯ ಸಾರು ಕೂತಿರುತ್ತದೆ. ಇನ್ವರ್ಟರ್ ಕಂಪ್ರೆಸರಿಗೆ, ಎಂದರೆ ಬೇಕಾದಷ್ಟೇ ವೇಗದಲ್ಲಿ ಓಡುವ ಕಂಪ್ರೆಸರಿಗೆ ಹೆಚ್ಚು ಕೊಡುವುದನ್ನು ನಾನು ಒಪ್ಪುತ್ತೇನೆ. ಸದ್ದು ಕಡಿಮೆ, ಶುರುವಾಗುವಾಗ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುವುದಿಲ್ಲ, ವೋಲ್ಟೇಜ್ ಏರಿಳಿತವನ್ನೂ ಒಂದು ಮಿತಿಯವರೆಗೆ ತಾಳುತ್ತದೆ. ಬಾಗಿಲ ಮೇಲಿನ ಪರದೆ, ನೀರು ಸುರಿಸುವ ನಲ್ಲಿ ಇವುಗಳಿಗೆ ಕೊಡುವುದನ್ನು ಒಪ್ಪುವುದಿಲ್ಲ. ‘ಹತ್ತು ವರ್ಷದ ವಾರಂಟಿ’ ಎಂದು ದೊಡ್ಡಕ್ಷರದಲ್ಲಿ ಬರೆದದ್ದು ಸಾಮಾನ್ಯವಾಗಿ ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ. ಗ್ಯಾಸ್ ತುಂಬುವ ಖರ್ಚು, ಕೂಲಿ, ಬೋರ್ಡ್ ಇವು ಅದರಲ್ಲಿ ಸೇರಿವೆಯೇ ಎಂದು ಚೀಟಿ ಬಿಡಿಸಿ ಓದಬೇಕು.

ಗೀಸರ್: ನಿಮ್ಮ ನೀರು ಎಂಥದ್ದು?

15 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು, ಎರಡು ಕಿಲೋವ್ಯಾಟಿನ ಕಾಯಿಲಿಗೆ ಸುಮಾರು 16 ನಿಮಿಷ. ನಾಲ್ಕು ಸಾವಿರದ ಗೀಸರಿಗೂ ಹನ್ನೆರಡು ಸಾವಿರದ ಗೀಸರಿಗೂ ಇದು ಒಂದೇ. ಕಾಯಿಲಿಗೆ ಹೋದ ಕರೆಂಟೆಲ್ಲ ಶಾಖವೇ ಆಗುತ್ತದೆ, ಅದರಲ್ಲಿ ಜಾಣತನ ತೋರಿಸಲು ಯಾವ ಕಂಪನಿಗೂ ಜಾಗವಿಲ್ಲ. ಹಾಗಾದರೆ ಗೀಸರಿನ ನಕ್ಷತ್ರ ಏನನ್ನು ಅಳೆಯುತ್ತದೆ? ಕಾದ ನೀರನ್ನು ಹಾಗೇ ಬಿಟ್ಟರೆ ದಿನಕ್ಕೆ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಸ್ವಿಚ್ ಸದಾ ಹಾಕಿರುವ ಮನೆಗೆ ಇದು ಮುಖ್ಯ. ಸ್ನಾನಕ್ಕೆ ಕಾಲು ಗಂಟೆ ಮೊದಲು ಹಾಕಿ, ಸ್ನಾನವಾದ ಕೂಡಲೇ ಆರಿಸುವ ಮನೆಗೆ ನಕ್ಷತ್ರದಿಂದ ಹೆಚ್ಚಿನದೇನೂ ಸಿಗುವುದಿಲ್ಲ.

ಗೀಸರಿನಲ್ಲಿ ಹಣ ಹಾಕಬೇಕಾದದ್ದು ಟ್ಯಾಂಕಿಗೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯ, ಬಯಲುಸೀಮೆಯ ಬಹುಪಾಲು, ಎಲ್ಲಿ ಆಳದ ಬೋರ್‌ವೆಲ್ ನೀರಿದೆಯೋ ಅಲ್ಲಿ ಕಾಯಿಲಿನ ಮೇಲೆ ಸುಣ್ಣ ಕಟ್ಟುತ್ತದೆ. ಕಾಯಿಲ್ ದಪ್ಪ ಬಿಳಿಯ ಹೊದಿಕೆ ಹೊದ್ದು, ನೀರಿಗೆ ಶಾಖ ಕೊಡಲಾಗದೆ ತಾನೇ ಸುಡುತ್ತದೆ. ಕಾಯಿಲ್ ಬದಲಾಯಿಸಬಹುದು. ಟ್ಯಾಂಕು ತೂತಾದರೆ ಗೀಸರಿನ ಕಥೆ ಮುಗಿದಂತೆ. ನಾನು ಬಾಡಿಗೆಗಿದ್ದ ಮನೆಯಲ್ಲಿ ಅಗ್ಗದ ಗೀಸರೊಂದು ಮೂರನೆಯ ವರ್ಷಕ್ಕೆ ಸೋರಿ, ಗೋಡೆಯೊಳಗಿನ ವೈರಿಂಗಿಗೂ ನೀರಿಳಿಯಿತು. ಆದ್ದರಿಂದ ಗಡಸು ನೀರಿನವರು ಗಾಜಿನ ಲೇಪನದ ಟ್ಯಾಂಕು, ಒಳಗೆ ಮೆಗ್ನೀಸಿಯಮ್ ಸರಳು, ಟ್ಯಾಂಕಿಗೆ ಕನಿಷ್ಠ ಐದು ವರ್ಷದ ವಾರಂಟಿ, ಈ ಮೂರಕ್ಕೆ ಹಣ ಕೊಡಿ. ಆ ಸರಳು ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇರುವುದು. ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಕರಗಿದ್ದರೆ ಹೊಸದು ಹಾಕಿಸಿ. ಹಾಗೆ ಮಾಡದವರ ದುಬಾರಿ ಟ್ಯಾಂಕೂ ಅಗ್ಗದ್ದರಂತೆಯೇ ತುಕ್ಕು ಹಿಡಿಯುತ್ತದೆ. ನದಿಯ ಸಿಹಿನೀರು ಬರುವವರು ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಮಧ್ಯಮ ಬೆಲೆಯದು ಸಾಕು. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಕೆಳಮಹಡಿಯವರು ಮಾತ್ರ 8 ಬಾರ್ ಒತ್ತಡ ತಾಳುವ ಟ್ಯಾಂಕನ್ನೇ ಕೇಳಿ ಪಡೆಯಬೇಕು.

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆಯೂ ಸೋಗೆಯೂ ಉರಿಯುತ್ತಿರುವಾಗ ಈ ಹೋಲಿಕೆಯೇ ಅನವಶ್ಯಕ. ಇನ್ನು ಗ್ಯಾಸ್ ಗೀಸರ್. ಕೊಳ್ಳುವ ಬೆಲೆಯೂ ಕಡಿಮೆ, ನೀರೂ ಕ್ಷಣದಲ್ಲಿ ಕಾಯುತ್ತದೆ. ಮುಚ್ಚಿದ ಬಚ್ಚಲುಮನೆಯೊಳಗೆ ಅದನ್ನು ಹಾಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಬಾರದ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಅದು ಇರಬೇಕಾದ್ದು ಗೋಡೆಯ ಹೊರಗೆ, ಬಯಲ ಗಾಳಿಯಲ್ಲಿ.

ಎಸಿ

ಎಸಿಯ ಲೇಬಲ್ಲಿನ ಯೂನಿಟ್ ವರ್ಷಕ್ಕೆ 1,600 ಗಂಟೆ ಓಟದ ಲೆಕ್ಕದ್ದು. ಮೂರಕ್ಕೂ ಐದು ನಕ್ಷತ್ರಕ್ಕೂ 250 ಯೂನಿಟ್ ಅಂತರವಿದ್ದರೆ 1,750 ರೂಪಾಯಿ. ಕಲಬುರಗಿಯಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಹಗಲಿರುಳು ಓಡಿಸುವವರಿಗೆ ಎಂಟು ಸಾವಿರದ ಬೆಲೆಯಂತರ ಐದು ವರ್ಷದೊಳಗೆ ಬಂದುಬಿಡುತ್ತದೆ. ಬೆಂಗಳೂರಿನಲ್ಲಿ 400 ಗಂಟೆ ಓಡಿಸುವವರಿಗೆ ಹದಿನೆಂಟು ವರ್ಷ ಬೇಕು, ಅಷ್ಟು ಕಾಲ ಎಸಿಯೇ ಬಾಳುವುದಿಲ್ಲ. ಕರಾವಳಿಯವರು ನಕ್ಷತ್ರಕ್ಕಿಂತ ಮೊದಲು ಹೊರಗಿನ ಘಟಕದ ಕಾಯಿಲ್ ನೋಡಬೇಕು: ತಾಮ್ರದ್ದಾಗಿರಲಿ, ಉಪ್ಪುಗಾಳಿ ತಡೆಯುವ ಲೇಪನ ಇರಲಿ.

ಬಟ್ಟೆ ಒಗೆಯುವ ಯಂತ್ರ

ಇಲ್ಲಿ ಅಗ್ಗದ್ದೆಂದರೆ ಸೆಮಿ ಆಟೊಮ್ಯಾಟಿಕ್, ನಡುವಿನದು ಟಾಪ್ ಲೋಡ್, ದುಬಾರಿಯದು ಫ್ರಂಟ್ ಲೋಡ್. ಒಗೆತದ ಗುಣ ನೋಡಿದರೆ ಫ್ರಂಟ್ ಲೋಡಿಗೆ ಸಾಟಿಯಿಲ್ಲ. ನೀರೂ ಟಾಪ್ ಲೋಡಿನ ಅರ್ಧದಷ್ಟೇ ಸಾಕು. ಬಟ್ಟೆಯೂ ಕಡಿಮೆ ಸವೆಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಆ ನೀರಿನ ಬೆಲೆ ಗೊತ್ತು.

ಆದರೂ ಚಿಕ್ಕ ಊರಿನಲ್ಲಿರುವ ನನ್ನ ಬಂಧುಗಳಿಗೆ ನಾನು ಸೆಮಿ ಆಟೊಮ್ಯಾಟಿಕ್ಕನ್ನೇ ಹೇಳುತ್ತೇನೆ. ನಲ್ಲಿಯಲ್ಲಿ ಒತ್ತಡ ಬೇಕಿಲ್ಲ, ಬಕೆಟ್ಟಿನಿಂದ ಸುರಿದರೂ ಆಯಿತು. ಬಿಳಿ ಬಟ್ಟೆ ಒಗೆದ ಸಾಬೂನು ನೀರಿನಲ್ಲೇ ತೋಟದ ಬಟ್ಟೆ ಒಗೆಯಬಹುದು. ನಡುವೆ ಕರೆಂಟು ಹೋದರೆ ಕೈಯಿಂದ ಮುಗಿಸಬಹುದು. ಕೆಟ್ಟರೆ ಟೈಮರ್, ಬೆಲ್ಟ್, ಕೆಪಾಸಿಟರ್ ಇವುಗಳಲ್ಲಿ ಒಂದು, ಊರಿನ ಯಾವ ಎಲೆಕ್ಟ್ರಿಷಿಯನ್ನನಿಗೂ ಪರಿಚಿತ. ಫ್ರಂಟ್ ಲೋಡಿನಲ್ಲಿ ಬೇರಿಂಗ್ ಹೋದರೆ ಹಲವು ಮಾದರಿಗಳಲ್ಲಿ ಡ್ರಮ್ಮಿನ ತೊಟ್ಟಿಯನ್ನೇ ಬದಲಾಯಿಸಬೇಕು, ಬೋರ್ಡಿಗೆ ಇಲಿ ಹೊಕ್ಕರೆ ಹಲವು ಸಾವಿರ. ಗಡಸು ನೀರಿನಲ್ಲಿ ಅದರ ಹೀಟರಿಗೂ ಗೀಸರಿನ ಗತಿಯೇ. ನಗರದಲ್ಲಿದ್ದು, ಮನೆಯಲ್ಲಿ ಎಲ್ಲರೂ ದುಡಿಯುವವರಾಗಿ, ವಾರದಲ್ಲಿ ಐದಾರು ಒಗೆತ ಇದ್ದರೆ ಫ್ರಂಟ್ ಲೋಡ್ ಕೊಳ್ಳಿ. ಉಳಿದ ಸಮಯಕ್ಕೂ ಬೆಲೆಯಿದೆ, ಅದರಲ್ಲೂ ಮನೆಗೆಲಸವೆಲ್ಲ ಒಬ್ಬರ ಹೆಗಲ ಮೇಲೇ ಬಿದ್ದಿರುವ ಮನೆಯಲ್ಲಿ. ಆದರೆ ಇಲಿ ಬಾರದಂತೆ ತಳಕ್ಕೆ ಜಾಲರಿ ಹಾಕಿಸಿ.

ಅಗ್ಗದ್ದೇ ಸಾಕಾಗುವ ವಸ್ತುಗಳು

ಕಾಯಿಸುವುದಷ್ಟೇ ಕೆಲಸವಾದ ವಸ್ತುಗಳಿಗೆ ಹೆಚ್ಚು ಕೊಡಬೇಕಿಲ್ಲ. ಒಂದು ಲೀಟರ್ ನೀರು ಕುದಿಸಲು 700 ರೂಪಾಯಿಯ ಕೆಟಲ್ಲಿಗೂ ಮೂರು ಸಾವಿರದ್ದಕ್ಕೂ ಯೂನಿಟ್ಟಿನ ಹತ್ತನೆಯ ಒಂದು ಭಾಗದಷ್ಟೇ ಕರೆಂಟು ಬೇಕು. ಇಸ್ತ್ರಿ ಪೆಟ್ಟಿಗೆ, ರೊಟ್ಟಿ ಸುಡುವ ಟೋಸ್ಟರ್, ಇಂಡಕ್ಷನ್ ಒಲೆ ಎಲ್ಲವೂ ಹೀಗೇ. ಇಂಡಕ್ಷನ್ನಿನಲ್ಲಿ ಎರಡು ಸಾವಿರದ್ದಕ್ಕೂ ನಾಲ್ಕು ಸಾವಿರದ್ದಕ್ಕೂ ಬಹುತೇಕ ಗುಂಡಿಗಳದ್ದೇ ಭೇದ, ಎರಡನ್ನೂ ಕೊನೆಗೆ ಕೆಡಿಸುವುದು ತಳದ ತೂತಿನಿಂದ ನುಗ್ಗುವ ಜಿರಳೆಗಳು.

ಆದರೆ ಅಗ್ಗಕ್ಕೂ ಒಂದು ತಳವಿದೆ, ಅದರ ಕೆಳಗೆ ಇಳಿಯಬಾರದು. ನೀರು ಕಾಯಿಸುವ ರಾಡ್, ಇಸ್ತ್ರಿ ಪೆಟ್ಟಿಗೆ, ಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್ ಇವನ್ನು ಐಎಸ್‌ಐ ಗುರುತಿಲ್ಲದೆ ಮನೆಗೆ ತರಬೇಡಿ. ಗುರುತು ನಕಲಿಯೂ ಆಗಿರಬಹುದು. ಅದರ ಜೊತೆಗಿರುವ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಹನ್ನೆರಡು ಸಾವಿರದ ಗೀಸರ್ ಕೊಂಡು, ಅದನ್ನು ಅರವತ್ತು ರೂಪಾಯಿಯ ಪ್ಲಗ್ಗಿಗೆ ಸಿಕ್ಕಿಸಿ, ಅರ್ಥಿಂಗೇ ಇಲ್ಲದ ಗೋಡೆಗೆ ಜೋಡಿಸಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಆ ಹಣದ ಮೊದಲ ಪಾಲು ಒಳ್ಳೆಯ ಅರ್ಥಿಂಗಿಗೆ, ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿಗೆ ಹೋಗಬೇಕು. ಗೀಸರ್ ಆಮೇಲೆ.

ಕೊಳ್ಳುವ ಮುನ್ನ ಒಂದು ಫೋನ್ ಕರೆ

ಯಾವುದೇ ದುಬಾರಿ ಯಂತ್ರ ಕೊಳ್ಳುವ ಮೊದಲು ಅದರ ಸರ್ವಿಸ್ ಕೇಂದ್ರಕ್ಕೆ ನಾನು ಕರೆ ಮಾಡುತ್ತೇನೆ. ನಮ್ಮ ಊರಿಗೆ ಬರುತ್ತೀರಾ, ಎಷ್ಟು ದಿನಕ್ಕೆ ಬರುತ್ತೀರಿ, ಬೋರ್ಡಿಗೆ ಎಷ್ಟು, ಜಾರಿಗೆ ಎಷ್ಟು ಎಂದು ಕೇಳುತ್ತೇನೆ. ಕೊಳ್ಳುವ ಮುನ್ನವೇ ಫೋನ್ ಎತ್ತದವರು ಕೊಂಡ ಮೇಲೆ ಎತ್ತುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಸಿಕ್ಕೀತು, ಆದರೆ ಸಿಂಧನೂರಿನವರು ಒಂದು ಬೋರ್ಡಿಗಾಗಿ ಅಲ್ಲಿಗೆ ಬರಲಾಗದು. ಒಂದು ಬ್ರಾಂಡ್ ದೇಶಕ್ಕೆಲ್ಲ ಒಳ್ಳೆಯದಾಗಿದ್ದು ನಿಮ್ಮ ತಾಲ್ಲೂಕಿನಲ್ಲಿ ಮೆಕ್ಯಾನಿಕ್ ಇಲ್ಲದಿದ್ದರೆ, ನಿಮ್ಮ ಪಾಲಿಗೆ ಅದು ದುಬಾರಿಯದೇ.

ವಾರಂಟಿಯಲ್ಲಿದ್ದರೂ ರಿಪೇರಿ ಮಾಡಿಕೊಡದೆ ಅಲೆಸಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ಬೇಕಾದ್ದು ಜಿಎಸ್‌ಟಿ ಬಿಲ್. ಬಿಲ್ ಇಲ್ಲದೆ ಮುನ್ನೂರು ರೂಪಾಯಿ ಕಡಿಮೆಗೆ ಕೊಡುತ್ತೇನೆ ಎನ್ನುವ ಅಂಗಡಿಯಲ್ಲಿ ನೀವು ಬಿಟ್ಟುಕೊಡುವುದು ಈ ಹಕ್ಕನ್ನೇ.

ಅಂಗಡಿಯಲ್ಲಿ ಇಟ್ಟಿರದ ಮೂರನೆಯದು

ದುಬಾರಿ, ಅಗ್ಗ ಎರಡನ್ನೂ ಬಿಟ್ಟು ಇನ್ನೊಂದು ದಾರಿ ಉಳಿದಿದೆ: ಮನೆಯಲ್ಲಿರುವುದನ್ನೇ ರಿಪೇರಿ ಮಾಡಿಸುವುದು. ಹದಿನೈದು ವರ್ಷದ ಫ್ರಿಜ್ಜಿಗೆ ಗ್ಯಾಸ್ ಸೋರಿದ್ದರೆ ಅದನ್ನು ಬಿಟ್ಟುಬಿಡಿ, ಅದು ತಿನ್ನುವ ಕರೆಂಟೂ ಹೆಚ್ಚು. ಮಿಕ್ಸಿ, ಗ್ರೈಂಡರ್, ಸೆಮಿ ಆಟೊಮ್ಯಾಟಿಕ್ ಯಂತ್ರಗಳನ್ನು ಮಾತ್ರ ಹೊಸದರ ಬೆಲೆಯ ಮೂರನೆಯ ಒಂದು ಭಾಗದೊಳಗೆ ಸರಿಯಾಗುವುದಾದರೆ ನಾನು ಎಸೆಯುವುದಿಲ್ಲ. ಕಳೆದ ಯುಗಾದಿಯ ಮುನ್ನಾದಿನ ನಮ್ಮ ಮಿಕ್ಸಿ ಹೋಳಿಗೆಯ ಹೂರಣದ ನಡುವೆ ನಿಂತಿತು. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಹೋದೆ. ಅವರು ತಳ ಬಿಚ್ಚಿ, ಉಗುರಿನಷ್ಟಾಗಿದ್ದ ಎರಡು ಕಾರ್ಬನ್ ಬ್ರಷ್ ತೆಗೆದು ತೋರಿಸಿ, ಹೊಸದು ಹಾಕಿ 120 ರೂಪಾಯಿ ತೆಗೆದುಕೊಂಡರು. ಇನ್ನೊಂದು ಜೊತೆಯನ್ನೂ ಕೊಂಡು ತಂದಿದ್ದೇನೆ. ಅಡುಗೆಮನೆಯ ಡ್ರಾಯರಿನಲ್ಲಿ ಬಿಲ್ಲಿನ ಜೊತೆ ಮಡಿಸಿಟ್ಟಿದೆ.